ಬೋರ್ಡು ಓದುವ ಜನ

ಪುತ್ತೂರಿನ ಬಸ್‌ಸ್ಟಾಂಡಿನಿಂದ ಕೂಗಳತೆ ದೂರದಲ್ಲಿ, ಮೂಸಕುಂಞಿಯವರ ಚಪ್ಪಲಿ ಅಂಗಡಿಯ ಮೇಲಿನ ಕೋಣೆಗೆ ಸುಪ್ರಿತಾ ಆಪ್ತಸಮಾಲೋಚನೆಯ ಬೋರ್ಡು ಹಾಕಿದ ದಿನ ಯಾರೂ ನಗಲಿಲ್ಲ. ನಕ್ಕಿದ್ದರೂ ಒಳ್ಳೆಯದಿತ್ತು. ಜನ ಬಂದರು, ಕತ್ತೆತ್ತಿ ಬೋರ್ಡು ಓದಿದರು, "ಓ ಹೌದಾ" ಎಂದು ತಮ್ಮ ಪಾಡಿಗೆ ಹೋದರು. ಒಬ್ಬಳನ್ನು ಸೋಲಿಸಲು ಒಂದು ಊರು ಇದಕ್ಕಿಂತ ಹೆಚ್ಚು ಕಷ್ಟಪಡಬೇಕಾಗಿಲ್ಲ ನೋಡಿ.

ಸುಪ್ರಿತಾ ಬೆಳ್ಳಾರೆಯ ಸರ್ವೋತ್ತಮ ರೈಗಳ ಮಗಳು. ಮಂಗಳೂರಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳುವ ಕೆಲಸದಲ್ಲಿ ಕೆಲವು ವರ್ಷ ಇದ್ದಳು. ಒಳ್ಳೆಯ ಕೆಲಸ, ತಿಂಗಳಾದರೆ ಸಂಬಳ. ಅದನ್ನು ಬಿಟ್ಟು, ನಮ್ಮ ಕಡೆಯ ಜನಕ್ಕೆ ಯಾರಿದ್ದಾರೆ ಎಂದು ಪುತ್ತೂರಿಗೆ ಬಂದು ಕೂತಳು. ರೈಗಳಿಗೆ ಇದು ಸರಿ ಬೀಳಲಿಲ್ಲ.

"ಅಲ್ಲ ಮಾರಾಯ್ತಿ, ಕಷ್ಟಸುಖ ಮಾತಾಡ್ಲಿಕ್ಕೆ ನಿನ್ನ ಹತ್ರ ಯಾರು ಬರುದು? ಇಲ್ಲಿಯವರಿಗೆ ಅದಕ್ಕೆಲ್ಲ ಬಸ್‌ಸ್ಟಾಂಡ್ ಉಂಟಲ್ಲ!"

"ಒಂದು ವರ್ಷ ನೋಡುವ ಅಪ್ಪ. ಆಗದಿದ್ರೆ ಬೀಗ ಹಾಕುವ."

"ಹಾಕು ಹಾಕು. ಬೀಗ ನಾನೇ ತಂದು ಕೊಡ್ತೇನೆ."

ಈ ಸರ್ವೋತ್ತಮ ರೈಗಳ ಬಗ್ಗೆ ಎರಡು ಮಾತು ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಸುಳ್ಯದಿಂದ ಕಡಬದವರೆಗೆ ಯಾರ ಮನೆಯ ಮದುವೆಯಾದರೂ ಅವರು ಅಲ್ಲಿರಬೇಕು. ಗೇಟಿನಿಂದ ವೇದಿಕೆಯವರೆಗೆ ನಡೆಯಲು ಅವರಿಗೆ ಅರ್ಧ ಗಂಟೆ ಹಿಡಿಯುತ್ತದೆ, ಯಾಕೆಂದರೆ ನಡುವೆ ಸಿಕ್ಕ ಒಂದೊಂದು ತಲೆಯನ್ನೂ ಮಾತಾಡಿಸಬೇಕು. "ಎಂತ, ಯಾವಾಗ ಬಂದದ್ದು? ಅಮ್ಮ ಹುಷಾರುಂಟಾ? ಊಟ ಆಯ್ತಾ?" ಉತ್ತರ ಮುಖ್ಯವಲ್ಲ, ಕೇಳಿದ್ದು ಮುಖ್ಯ. ನಮ್ಮ ಕಡೆ ಮಾತಾಡಿಸುವುದೇ ಮರ್ಯಾದೆ. ಕಂಡೂ ಮಾತಾಡಿಸದೆ ಹೋದರೆ ಮುಗಿಯಿತು ಕಥೆ. ಎರಡು ಮನೆಗಳ ನಡುವೆ ಜಾಗದ ತಕರಾರೋ ಮತ್ತೊಂದೋ ಇದೆಯೆಂದು ಊರು ಸಂಜೆಯೊಳಗೆ ತೀರ್ಮಾನ ಮಾಡಿಬಿಡುತ್ತದೆ.

ಇಂಥ ಅಪ್ಪನ ಮಗಳ ಹತ್ತಿರ ಗುಟ್ಟು ಹೇಳಲು ಯಾರು ಬಂದಾರು? ಬಂದವರು ಕುರ್ಚಿಯಲ್ಲಿ ಕೂತು, ಬೆವರು ಒರೆಸಿ, ಮೊದಲು ಕೇಳುತ್ತಿದ್ದದ್ದೇ "ನಿಮ್ಮದು ಮನೆ ಎಲ್ಲಿ ಆಯ್ತು?" ಬೆಳ್ಳಾರೆ. "ಬೆಳ್ಳಾರೆಯಲ್ಲಿ ಯಾರ ಮನೆ?" ಹೇಳದೆ ಇರಲಾಗುತ್ತದೆಯೇ? ಹೇಳಿದ್ದೇ ತಡ, "ಓ! ಸರ್ವೋತ್ತಮಣ್ಣನ ಮಗಳಾ!" ಎಂದು ಮುಖ ಅರಳುತ್ತಿತ್ತು, ಮರುಕ್ಷಣ ಬಾಯಿಗೆ ಬೀಗ ಬೀಳುತ್ತಿತ್ತು. ಆಮೇಲೆ ಅಡಿಕೆ ರೇಟು, ಹವಾಮಾನ, ಅಪ್ಪನ ಮಂಡಿನೋವು. ನೀರು ಕುಡಿದು ಎದ್ದು ಹೋಗುತ್ತಿದ್ದರು. ಒಬ್ಬ ಮಹಾನುಭಾವರಂತೂ ಮಗನ ಜಾತಕ ತಂದು ಮೇಜಿನ ಮೇಲಿಟ್ಟು, ಹುಡುಗಿ ಇದ್ದರೆ ಹೇಳಿ ಎಂದರು.

ಇನ್ನೊಂದು ತೊಂದರೆ ಮೆಟ್ಟಿಲಿನದು. ಮೇಲೆ ಹೋಗುವ ಮೆಟ್ಟಿಲು ಚಪ್ಪಲಿ ಅಂಗಡಿಯ ಪಕ್ಕದಲ್ಲೇ, ರಸ್ತೆಗೆ ಮುಖ ಮಾಡಿ. ಅದನ್ನು ಹತ್ತಿದವರನ್ನು ಬಸ್ಸಿಗೆ ಕಾಯುವ ಇಡೀ ಜನಸ್ತೋಮ ನೋಡುತ್ತದೆ. ಧೈರ್ಯ ಮಾಡಿ ಬಂದವರು ಮೊದಲ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ ಯಾರದೋ ಕಣ್ಣು ತಾಗಿ, ಚಪ್ಪಲಿ ನೋಡುವವರ ಹಾಗೆ ಅಂಗಡಿಯೊಳಗೆ ನುಗ್ಗುತ್ತಿದ್ದರು. ನುಗ್ಗಿದ ಮೇಲೆ ಬರಿಗೈಯಲ್ಲಿ ಹೊರಡುವುದು ಹೇಗೆ? ಆ ಮಳೆಗಾಲದಲ್ಲಿ ಸುಪ್ರಿತಾಳಿಂದ ಯಾರ ಮನಸ್ಸು ಹಗುರವಾಯಿತೋ ದೇವರೇ ಬಲ್ಲ, ಮೂಸಕುಂಞಿಯವರಿಗೆ ಮಾತ್ರ ಭರ್ಜರಿ ವ್ಯಾಪಾರವಾಯಿತು.

"ಮೋಳೇ, ನೀನು ಬೀಗ ಗೀಗ ಹಾಕ್ಬೇಡ ಆಯ್ತಾ," ಎನ್ನುತ್ತಿದ್ದರು ಆ ಗಡ್ಡದ ಮುದುಕ, ಸ್ವಂತ ಮಗಳನ್ನು ಕರೆದ ಹಾಗೆ. "ನಿನ್ನ ಬೋರ್ಡು ನನಗೆ ಬಹಳ ಬರ್ಕತ್ತು."

ಅವರ ಅಂಗಡಿಯಲ್ಲಿ ಹೀಗೆ ಚಪ್ಪಲಿ ಕೊಂಡವರಲ್ಲಿ ಒಬ್ಬರು ನೆಲ್ಯಾಡಿಯ ಲೀಲಾಮ್ಮ. ಐವತ್ತು ದಾಟಿದ ಹೆಂಗಸು, ಸಣ್ಣ ಮೈಕಟ್ಟು, ಕತ್ತಿನಲ್ಲಿ ಶಿಲುಬೆಯ ತೆಳುವಾದ ಸರ. ಅವರ ಮಾವನ ಕಾಲದಲ್ಲಿ ಕೇರಳದಿಂದ ಬಂದು ನೆಲ್ಯಾಡಿಯಲ್ಲಿ ರಬ್ಬರು ಹಾಕಿದ ಮನೆತನ. ಒಮ್ಮೆ ಬಂದರು, ಒಂದು ಜೊತೆ ಕೊಂಡು ಹೋದರು. ಮುಂದಿನ ವಾರ ಬಂದರು, ಇನ್ನೊಂದು ಜೊತೆ. ಮತ್ತೊಮ್ಮೆ ಬಂದಾಗ ಮೂಸಕುಂಞಿಯವರಿಗೇ ಪಾಪ ಅನ್ನಿಸಿತು.

"ಅಮ್ಮ, ನಿಮಗೆ ಕಾಲು ಎರಡೇ ಅಲ್ವಾ? ಮೆಟ್ಟಿಲು ಆ ಬದಿಯಲ್ಲಿ ಉಂಟು. ನೀವು ಹೋಗಿ, ನನಗೆ ಇಲ್ಲಿ ಪೆಟ್ಟಿಗೆ ಜೋಡಿಸ್ಲಿಕ್ಕುಂಟು," ಎಂದು ಬೆನ್ನು ತಿರುಗಿಸಿ ನಿಂತರಂತೆ.

ಮೇಲೆ ಬಂದ ಲೀಲಾಮ್ಮ ಮನೆ ಎಲ್ಲಿ ಎಂದು ಕೇಳಲಿಲ್ಲ. ಕೂತರು, ಅತ್ತರು. ಆ ಇಡೀ ಗಂಟೆ ಅತ್ತರು. ಸುಪ್ರಿತಾ ನೀರು ಕೊಟ್ಟಳು, ಸುಮ್ಮನೆ ಎದುರು ಕೂತಳು, ಹೊರಡುವ ಹೊತ್ತಿಗೆ ತಾನು ಕಲಿತ ನಿಯಮಗಳನ್ನು ಒಂದೊಂದಾಗಿ ಹೇಳಿದಳು. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ. ಹೊರಗೆಲ್ಲಾದರೂ ನಾವು ಎದುರಾದರೆ ನಿಮ್ಮ ಗುಟ್ಟು ಉಳಿಯಲಿ ಎಂದು ನಾನಾಗಿ ಮಾತಾಡಿಸುವುದಿಲ್ಲ, ತಪ್ಪು ತಿಳಿಯಬೇಡಿ. ಲೀಲಾಮ್ಮ ತಲೆಯಾಡಿಸಿದರು. ಅಳುತ್ತಿರುವವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ, ಅದು ಸುಪ್ರಿತಾಳಿಗೆ ಆಗ ಹೊಳೆಯಲಿಲ್ಲ.

ಆಮೇಲಿನ ಬುಧವಾರಗಳಲ್ಲಿ ವಿಷಯ ಸ್ವಲ್ಪ ಸ್ವಲ್ಪವೇ ಹೊರಬಂತು. ಅವರ ಒಬ್ಬನೇ ಮಗ ಜೆಫಿನ್, ಮಂಗಳೂರಿನಲ್ಲಿ ಓದುತ್ತಿದ್ದವನು, ಈಸ್ಟರಿಗೆಂದು ಮನೆಗೆ ಬಂದವನು, ತನ್ನ ಜೀವ ತಾನೇ ತೆಗೆದುಕೊಂಡಿದ್ದ. ಯಾಕೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಗಂಡ ಉಲಹನ್ನಾನ್ ಬಂದವರಿಗೆಲ್ಲ "ಹಾರ್ಟು" ಎಂದರು. ಇಡೀ ನೆಲ್ಯಾಡಿಗೆ ನಿಜ ಗೊತ್ತಿತ್ತು, ಇಡೀ ನೆಲ್ಯಾಡಿ "ಹಾರ್ಟಾ, ಪಾಪ" ಎಂದಿತು. ಅಷ್ಟು ಹೇಳಿದ ಮೇಲೆ ಉಲಹನ್ನಾನ್ ಮಗನ ಹೆಸರನ್ನು ಮತ್ತೆ ಎತ್ತಲಿಲ್ಲ. ಗಂಡಹೆಂಡಿರ ನಡುವೆ ಉಳಿದದ್ದು ಗಂಜಿ ಬಡಿಸಲಾ, ಜೀಪಿಗೆ ಡೀಸೆಲ್ ಉಂಟಾ, ಇಷ್ಟೇ.

"ಮಣ್ಣು ಮಾಡಿ ಬಂದ ಮೇಲೆ, ಮೋಳೇ, ಪೇಟೆಯಲ್ಲಿ ನನ್ನನ್ನು ಕಂಡವರಿಗೆಲ್ಲ ಬೋರ್ಡು ಓದುದೇ ಕೆಲಸ," ಎಂದರು ಲೀಲಾಮ್ಮ ಒಂದು ದಿನ. "ಮುಂಚೆ ಮೀನು ಮಾರ್ಕೆಟಿನಲ್ಲಿ ಕೂಡ ಬಿಡ್ತಿರ್ಲಿಲ್ಲ, ನಿಲ್ಲಿಸಿ ಮಾತಾಡ್ಸುದು. ಈಗ ನಾನು ಬರುದು ಕಂಡ್ರೆ ತಲೆ ಎತ್ತಿ ಅಂಗಡಿಯ ಬೋರ್ಡು ಓದ್ತಾರೆ. ಶಾಲೆಗೆ ಹೋಗದವರು ಕೂಡ ಓದ್ತಾರೆ!"

ಹೇಳಿ ನಕ್ಕರು. ನಕ್ಕು ಮತ್ತೆ ಅತ್ತರು. ಇನ್ನೊಂದು ದಿನ, ಕಿಟಕಿಯ ಕಡೆ ನೋಡುತ್ತಾ, "ಒಮ್ಮೊಮ್ಮೆ ಅವನು ಹೋದ ದಾರಿ ನನಗೂ ಕಾಣ್ತದೆ," ಎಂದರು. ಸುಪ್ರಿತಾ ಮಾತು ಬದಲಿಸಲಿಲ್ಲ, ಎಲ್ಲವನ್ನೂ ಕೇಳಿದಳು, ಕೊನೆಗೆ ಲೀಲಾಮ್ಮನಿಂದ ಮಾತು ತೆಗೆದುಕೊಂಡಳು: ಆ ದಾರಿ ಕಂಡಾಗಲೆಲ್ಲ ಮೊದಲು ನನಗೆ ಫೋನ್ ಮಾಡಬೇಕು, ಹೊತ್ತು ಗೊತ್ತು ನೋಡಬಾರದು. ಲೀಲಾಮ್ಮ ಶಿಲುಬೆ ಮುಟ್ಟಿ ಒಪ್ಪಿದರು. ಮಾತಿನಂತೆ ಎರಡು ಸಲ ಫೋನ್ ಬಂತು. ಎರಡು ಸಲವೂ ಆ ದಾರಿ ಮಸುಕಾಗುವವರೆಗೆ ಸುಪ್ರಿತಾ ಫೋನ್ ಇಡಲಿಲ್ಲ.

ಊರಿನವರಿಗೆ ಲೀಲಾಮ್ಮ ಹೇಳುತ್ತಿದ್ದದ್ದು ಹಲ್ಲುನೋವು ಎಂದು. ಪುತ್ತೂರಿನಲ್ಲಿ ಒಳ್ಳೆಯ ಹಲ್ಲಿನ ಡಾಕ್ಟರು ಸಿಕ್ಕಿದ್ದಾರೆ, ವಾರ ವಾರ ಹೋಗಬೇಕು. ಬಸ್ಸಿನ ಕಂಡಕ್ಟರನೂ, "ಎಂತ ಅಮ್ಮ, ಇನ್ನೂ ಎಷ್ಟು ಹಲ್ಲು ಬಾಕಿ ಉಂಟು?" ಎಂದು ಕೇಳುವಷ್ಟು ದಿನ ಆ ಸುಳ್ಳು ಓಡಿತು.

ಕ್ರಿಸ್ಮಸ್ ಕಳೆಯುವ ಹೊತ್ತಿಗೆ ಲೀಲಾಮ್ಮನ ಮುಖಕ್ಕೆ ಸ್ವಲ್ಪ ರಕ್ತ ಬಂದಿತ್ತು. ಮದುವೆಗಳ ಕಾಲ ಶುರುವಾದಾಗ ಸುಪ್ರಿತಾಳೇ ಹೇಳಿದಳು: "ಒಂದು ಕಾರ್ಯಕ್ರಮಕ್ಕೆ ಹೋಗಿ ನೋಡುವ ಲೀಲಾಮ್ಮ. ಉಂಡು ಬಂದ್ರೆ ಸಾಕು."

"ನೆರೆಮನೆಯಲ್ಲಿ ಒಂದು ಮದುವೆ ಉಂಟು. ಹೋದ್ರೆ ಎಲ್ಲರೂ ಬೋರ್ಡು ಓದುದೇ ಅಲ್ವಾ?"

"ಒಬ್ಬರಾದ್ರೂ ಮಾತಾಡ್ಸಿಯಾರು."

"ಒಬ್ಬರು ಸಾಕು," ಎಂದರು ಲೀಲಾಮ್ಮ. "ಯಾರಾದ್ರೂ ಒಬ್ಬರು."

ಯಾರ ಮದುವೆ, ಎಲ್ಲಿ, ಎಂದು ಕೇಳಬೇಕೆಂದು ಆ ಹುಡುಗಿಗೆ ತೋಚಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮದುಮಗನ ಅಜ್ಜಿಯ ತವರಿನವರೆಗೆ ಕೇಳಿರುತ್ತಿದ್ದರು. ಇವಳು ಕಲಿತವಳು, ಅನಾವಶ್ಯಕ ಪ್ರಶ್ನೆ ಕೇಳಬಾರದೆಂದು ಕಲಿತಿದ್ದಳು.

ಆ ಭಾನುವಾರ ರೈಗಳ ಸ್ನೇಹಿತರೊಬ್ಬರ ಮಗನ ಮದುವೆ, ನೆಲ್ಯಾಡಿಯಲ್ಲಿ ಹೆದ್ದಾರಿಯ ಬದಿಯ ಸಭಾಭವನದಲ್ಲಿ. ಅಪ್ಪ ಬಾ ಎಂದರು, ಸುಪ್ರಿತಾ ಹೋದಳು. ಅಪ್ಪ ಗೇಟಿನಲ್ಲೇ ತಮ್ಮ ಮಾತಾಡಿಸುವ ಸೇವೆ ಶುರು ಮಾಡಿದರು. ಊಟದ ಹೊತ್ತಿಗೆ ತಟ್ಟೆ ಹಿಡಿದು ಸಾಲಿನಿಂದ ಈಚೆ ಬಂದಾಗ, ಕಂಬದ ಆ ಬದಿಯಲ್ಲಿ ಲೀಲಾಮ್ಮ ನಿಂತಿದ್ದರು. ಇಸ್ತ್ರಿ ಮಾಡಿದ ಕಂದು ಸೀರೆ, ಮೂಸಕುಂಞಿಯವರ ಅಂಗಡಿಯ ಹೊಸ ಚಪ್ಪಲಿ, ಕೈಯಲ್ಲಿ ಮುಟ್ಟದ ಅನ್ನ. ಸುತ್ತ ಅಷ್ಟು ಜನ, ಅವರ ಸುತ್ತ ಮಾತ್ರ ಒಂದು ಮಾರು ಖಾಲಿ ಜಾಗ. ಸುಪ್ರಿತಾಳನ್ನು ಕಂಡದ್ದೇ ಆ ಮುಖ ಬೆಳಗಿತು. ನಗುತ್ತಾ ಎರಡು ಹೆಜ್ಜೆ ಮುಂದೆ ಬಂದರು.

ಸುಪ್ರಿತಾಳ ಪಕ್ಕದಲ್ಲಿ ಅಪ್ಪ, ಅಪ್ಪನ ಪಕ್ಕದಲ್ಲಿ ಅಪ್ಪನ ಪರಿಚಯದ ಅರ್ಧ ತಾಲೂಕು. ಈಗ ನಕ್ಕರೆ ಅಪ್ಪ ಕೇಳದೆ ಬಿಡುವವರಲ್ಲ: ಯಾರು ಇವರು? ನಿನಗೆ ಹೇಗೆ ಪರಿಚಯ? ಪುತ್ತೂರಿಗೆ ಯಾಕೆ ಬರುದು? ಲೀಲಾಮ್ಮನ ಗುಟ್ಟು ಸಾರಿನ ಬೋಗುಣಿಯ ಎದುರೇ ಬಯಲಾಗುತ್ತದೆ. ಸುಪ್ರಿತಾ ತಟ್ಟನೆ ಮುಖ ತಿರುಗಿಸಿದಳು. ಎದುರು ಗೋಡೆಯಲ್ಲಿ 'ಕೈ ತೊಳೆಯುವ ಸ್ಥಳ' ಎಂಬ ಬೋರ್ಡಿತ್ತು. ಅದನ್ನು ಓದಿದಳು. ಓದಿ ಮುಗಿದ ಮೇಲೆ ಇನ್ನೊಮ್ಮೆ ಓದಿದಳು. ತಿರುಗಿ ನೋಡಿದಾಗ ಕಂಬದ ಹತ್ತಿರ ಯಾರೂ ಇರಲಿಲ್ಲ. ಅವಳಿಗೆ ಸಮಾಧಾನವೇ ಆಯಿತು, ನಿಯಮ ಪಾಲಿಸಿದೆ, ಗುಟ್ಟು ಉಳಿಸಿದೆ ಎಂದು. ಪುಸ್ತಕದ ಬದನೆಕಾಯಿ ಎನ್ನುವುದು ಇದಕ್ಕೇ.

ಕಾರಿನಲ್ಲಿ ಅಪ್ಪ ಕೇಳಿದರು. "ಅಲ್ಲ, ಆ ಕಂದು ಸೀರೆಯ ಅಮ್ಮ ನಿನ್ನನ್ನು ನೋಡಿ ನಗಾಡಿದ್ರು. ನೀನು ಮೋರೆ ತಿರುಗಿಸಿದ್ದು ಎಂತಕ್ಕೆ? ಜಗಳವಾ?"

"ಬೇರೆ ಯಾರನ್ನೋ ನೋಡಿ ನಗಾಡಿದ್ದು ಅಪ್ಪ."

"ನನಗೆ ಕಣ್ಣು ಕಾಣ್ತದೆ," ಎಂದರು ರೈಗಳು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಬೆಳ್ಳಾರೆ ಬರುವವರೆಗೆ ಮತ್ತೆ ಮಾತಾಡಲಿಲ್ಲ.

ಬುಧವಾರ ಲೀಲಾಮ್ಮ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡಳು ಸುಪ್ರಿತಾ. ಮತ್ತೊಂದು ಬುಧವಾರವೂ ಬರಲಿಲ್ಲ. ಖಾಲಿ ಕುರ್ಚಿಯ ಎದುರು ಕೂತು, ಎಲ್ಲಿ ತಪ್ಪಿತು ಎಂದು ಹಿಂದಿನದನ್ನೆಲ್ಲ ತಿರುವಿ ಹಾಕುತ್ತಿದ್ದಾಗ, ಲೀಲಾಮ್ಮನ ಆ ಮಾತು ತಾನಾಗಿಯೇ ಕಿವಿಗೆ ಬಿತ್ತು. ನನ್ನನ್ನು ಕಂಡವರಿಗೆಲ್ಲ ಬೋರ್ಡು ಓದುದೇ ಕೆಲಸ. ಸುಪ್ರಿತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹೋಗಿ ನೋಡಿ ಎಂದು ಕಳಿಸಿದವಳು ತಾನು. ಒಬ್ಬರಾದರೂ ಮಾತಾಡಿಸಿಯಾರು ಎಂದವಳು ತಾನು. ಆ ಒಬ್ಬಳಾಗಿ ಎದುರು ನಿಂತು, 'ಕೈ ತೊಳೆಯುವ ಸ್ಥಳ' ಎಂದು ಎರಡೆರಡು ಸಲ ಓದಿದವಳೂ ತಾನೇ. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಬಂದವರು ಅತ್ತರೆ ಇರಲಿ ಎಂದು ಇಟ್ಟ ಟಿಶ್ಯೂ ಪೆಟ್ಟಿಗೆಯನ್ನು ಅಂದು ಅವಳೇ ಖಾಲಿ ಮಾಡಿದಳು.

ಮಂಗಳೂರಿನಲ್ಲಿ ಅವಳಿಗೆ ಈ ವಿದ್ಯೆ ಕಲಿಸಿದ ಮೇಡಮ್ಮಿಗೆ ಫೋನ್ ಮಾಡಿದಳು. ಮೇಡಂ, "ಬಿಟ್ಟು ಹೋದವರ ಬೆನ್ನು ಹತ್ತುವ ಹಾಗಿಲ್ಲ," ಎಂದರು. ಆ ದಾರಿಯ ವಿಷಯ, ಫೋನಿನ ಮಾತು ಎಲ್ಲ ಕೇಳಿದ ಮೇಲೆ, "ಜೀವದ ಪ್ರಶ್ನೆಯಾದರೆ ಬೇರೆ. ಹೇಗಾದರೂ ಮಾಡಿ ಅವರನ್ನು ಕಾಣು," ಎಂದರು.

ಲೀಲಾಮ್ಮನ ಮೊಬೈಲಿಗೆ ಫೋನ್ ಮಾಡಿದಳು. ರಿಂಗ್ ಆಯಿತು, ಆಯಿತು, ಕೊನೆಗೆ ಎತ್ತಿದ್ದು ಗಂಡಸಿನ ದನಿ.

"ಯಾರು?"

ಈ ಮನುಷ್ಯನಿಗೆ ಏನೂ ಗೊತ್ತಿಲ್ಲ. "ನಾನು... ಪುತ್ತೂರಿಂದ. ಹಲ್ಲಿನ ಡಾಕ್ಟ್ರ ಅಲ್ಲಿಂದ," ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹುಡುಗಿ.

ಉಲಹನ್ನಾನ್ ಒಂದೊಂದೇ ಪದ ಹುಡುಕುತ್ತಾ ಹೇಳಿದರು. "ಅವಳು ಊಟ ಬಿಟ್ಟಿದ್ದಾಳೆ. ಮಲಗಿದಲ್ಲೇ ಮಲಗುದು. ಫೋನ್ ಎತ್ತುದಿಲ್ಲ, ಮಾತಿಲ್ಲ. ನಾನು ರಾತ್ರಿ ಬಾಗಿಲ ಹತ್ರ ಚಾಪೆ ಹಾಕಿ ಮಲಗುದು, ಗೊತ್ತಾಯ್ತಲ್ಲ. ಡಾಕ್ಟ್ರೇ, ನೀವು ಒಮ್ಮೆ ನೋಡ್ಲಿಕ್ಕೆ ಆಗ್ತದಾ? ಪುತ್ತೂರು ಅಂದ್ರೆ ಅವಳು ಆಚೆ ತಿರುಗಿ ಮಲಗ್ತಾಳೆ. ಶನಿವಾರ ನಾನು ರಬ್ಬರ್ ಶೀಟು ಕೊಡ್ಲಿಕ್ಕೆ ನೆಲ್ಯಾಡಿ ಪೇಟೆಯಲ್ಲಿ ಹಕೀಮನ ಅಂಗಡಿಗೆ ಹೋಗ್ತೇನೆ. ಏನಾದ್ರೂ ಹೇಳಿ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಬರ್ತೇನೆ."

"ಬರ್ತೇನೆ," ಎಂದಳು ಸುಪ್ರಿತಾ. "ಅಲ್ಲಿಯವರೆಗೆ ಅವರನ್ನು ಒಬ್ಬರೇ ಬಿಡ್ಬೇಡಿ."

"ಬಿಡುದಿಲ್ಲ."

ಶನಿವಾರದ ಬಸ್ಸಿನಲ್ಲಿ ನೆಲ್ಯಾಡಿಗೆ ಹೊರಟಳು. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿದಳು, ಯಾವುದೂ ನಿಲ್ಲಲಿಲ್ಲ. ಯಾರಾದರೂ ನೀವು ಯಾರೆಂದು ಕೇಳಿದರೆ, ಲೀಲಾಮ್ಮ ನಮ್ಮ ಅಮ್ಮನ ಪರಿಚಯದವರು ಎಂದು ಹೇಳುವುದೆಂದು ಮಾತ್ರ ಗಟ್ಟಿ ಮಾಡಿಕೊಂಡಳು.

ಹಕೀಮನ ರಬ್ಬರ್ ಅಂಗಡಿ ಪೇಟೆಯ ನಡುವೆಯೇ ಇದೆ. ಅಂಗಡಿಯ ಎದುರು ಜೀಪು ನಿಂತಿತ್ತು. ಹಿಂದಿನ ಬಾಗಿಲು ತೆರೆದು ಎತ್ತರದ, ಬೆನ್ನು ಬಾಗಿದ ಒಬ್ಬ ಮನುಷ್ಯ ರಬ್ಬರ್ ಶೀಟಿನ ಕಟ್ಟು ಇಳಿಸುತ್ತಿದ್ದ. ಉಲಹನ್ನಾನ್ ಇವರೇ ಇರಬೇಕು. ಸುಪ್ರಿತಾಳನ್ನು ಕಂಡು, ಕಾಯುತ್ತಿದ್ದವರಂತೆ ಸಣ್ಣಗೆ ತಲೆಯಾಡಿಸಿದರು, ಮತ್ತೆ ಕಟ್ಟಿಗೆ ಕೈ ಹಾಕಿದರು. ಮುಂದಿನ ಸೀಟಿನಲ್ಲಿ ಲೀಲಾಮ್ಮ ಕೂತಿದ್ದರು. ತಲೆ ಬಾಚಿರಲಿಲ್ಲ. ಸುಪ್ರಿತಾ ಹತ್ತಿರ ಬರುವುದನ್ನು ಕಂಡರು. ಕಂಡು, ಕುತ್ತಿಗೆ ತಿರುಗಿಸಿ, ರಸ್ತೆಯಾಚೆ 'ಮೊಬೈಲ್ ರಿಪೇರಿ ಮಾಡಿ ಕೊಡಲಾಗುವುದು' ಎಂಬ ಬೋರ್ಡನ್ನು ನೋಡತೊಡಗಿದರು.

ಸುಪ್ರಿತಾ ಜೀಪನ್ನು ಸುತ್ತಿ ಹೋಗಿ, ಅವರ ಕಣ್ಣಿಗೂ ಆ ಬೋರ್ಡಿಗೂ ನಡುವೆ ನಿಂತಳು.

"ಲೀಲಾಮ್ಮ. ನನ್ನನ್ನು ನೋಡಿ."

"ನೀವೇ ಅಲ್ವಾ ಮೊದಲು ಓದಿದ್ದು?" ಲೀಲಾಮ್ಮನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ಭಯವಾಗುವಂಥದ್ದು.

"ಹೌದು. ತಪ್ಪಾಯ್ತು."

"ಸೀರೆಗೆ ಇಸ್ತ್ರಿ ಹಾಕಿ ಬಂದಿದ್ದೆ ನಾನು. ನೀವು ಹೇಳಿದಿರಿ ಅಂತ."

"ಗೊತ್ತುಂಟು."

"ಒಬ್ಬರೂ ಮಾತಾಡ್ಸಲಿಲ್ಲ. ಆಮೇಲೆ ನಿಮ್ಮನ್ನು ಕಂಡೆ. ದೇವರೇ ಕಳಿಸಿದ ಅಂತ ಮಾಡಿದೆ."

ಜೋಡಿಸಿಕೊಂಡು ಬಂದ ಮಾತೆಲ್ಲ ಸುಪ್ರಿತಾಳ ತಲೆಯಿಂದ ಹಾರಿ ಹೋಯಿತು. "ನಿಮ್ಮ ಗುಟ್ಟು ಉಳೀಲಿ ಅಂತ ಹಾಗೆ ಮಾಡಿದ್ದು. ಹೊರಗೆ ಕಂಡ್ರೆ ನಾನಾಗಿ ಮಾತಾಡ್ಸಬಾರ್ದು ಅಂತ ನಮಗೆ ಕಲ್ಸಿದ್ದಾರೆ. ಪುಸ್ತಕದಲ್ಲಿ ಹಾಗೆ ಉಂಟು."

"ಅದು ಯಾವ ಊರಿನ ಪುಸ್ತಕ ಮೋಳೇ?" ಎಂದರು ಲೀಲಾಮ್ಮ. ಈಗ ಕಣ್ಣು ತುಂಬಿತ್ತು.

"ಇಲ್ಲಿಯದ್ದಲ್ಲ," ಎಂದಳು ಸುಪ್ರಿತಾ. ಅವಳ ಕಣ್ಣೂ ತುಂಬಿತು. ಜೀಪಿನ ಕಿಟಕಿಯೊಳಗೆ ಕೈ ಹಾಕಿ ಆ ತಣ್ಣಗಿನ ಕೈ ಹಿಡಿದಳು. "ಇಲ್ಲಿಯದ್ದು ನನಗೆ ಗೊತ್ತಿತ್ತು, ಬೆಳ್ಳಾರೆಯವಳು ನಾನು. ಗೊತ್ತಿದ್ದೂ ಮರ್ತೆ. ಹೇಗಿದ್ದೀರಿ ಲೀಲಾಮ್ಮ? ಊಟ ಆಯ್ತಾ?"

ಇಷ್ಟು ಹೊತ್ತು ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಕೀಮನಿಗೆ ಇನ್ನು ತಡೆಯಲಾಗಲಿಲ್ಲ. ಪಾಪ, ಅವನ ತಪ್ಪಲ್ಲ, ಪೇಟೆಯ ನಡುವೆ ಇಬ್ಬರು ಹೆಂಗಸರು ಕೈ ಹಿಡಿದು ಅಳುತ್ತಿದ್ದರೆ ನಮ್ಮ ಕಡೆಯ ಯಾವ ಮನುಷ್ಯ ಸುಮ್ಮನಿದ್ದಾನು? "ಇವರು ಯಾರು ಲೀಲಾಮ್ಮ? ನೆಂಟರಾ?" ಎಂದು ಕೇಳಿದ. ಕಟ್ಟೆಯ ಮೇಲಿದ್ದ ಇಬ್ಬರು ಮೂವರೂ ಕಿವಿ ನಿಮಿರಿಸಿದರು.

ನಮ್ಮ ಅಮ್ಮನ ಪರಿಚಯದವರು ಎನ್ನಲು ಸುಪ್ರಿತಾ ಬಾಯಿ ತೆರೆದಳು. ಅಷ್ಟರಲ್ಲಿ ಲೀಲಾಮ್ಮ ಜೀಪಿನ ಬಾಗಿಲು ತೆರೆದು ಕೆಳಗಿಳಿದರು. ಕೈ ಮಾತ್ರ ಬಿಡಲಿಲ್ಲ.

"ನೆಂಟರಲ್ಲ ಹಕೀಮ್," ಎಂದರು. "ಇವರು ಪುತ್ತೂರಲ್ಲಿ ಮನಸ್ಸಿಗೆ ಮದ್ದು ಮಾಡುದು. ಬುಧವಾರ ಬುಧವಾರ ನಾನು ಹೋಗುದು ಇವರ ಹತ್ರ. ಹಲ್ಲಿಗಲ್ಲ. ನನ್ನ ಹಲ್ಲಿಗೆ ಎಂತದೂ ಆಗಿಲ್ಲ. ನನ್ನ ಜೆಫಿನ್ ಹಾರ್ಟಿಂದ ಹೋದದ್ದಲ್ಲ. ಅವನಾಗಿಯೇ ಹೋದದ್ದು. ನಿಮಗೆಲ್ಲ ಗೊತ್ತುಂಟು, ನನಗೂ ಗೊತ್ತುಂಟು. ಇನ್ನು ಯಾರೂ ಬೋರ್ಡು ಓದುದು ಬೇಡ."

ಹಕೀಮನ ಕಣ್ಣು ಅಭ್ಯಾಸದಂತೆ ತಕ್ಕಡಿಯ ಕಡೆ ಓಡಿತು, ಅಲ್ಲಿಂದ ಗೋಡೆಯ ಕ್ಯಾಲೆಂಡರಿಗೆ. ಪುಣ್ಯಾತ್ಮ, ಅಲ್ಲಿಂದ ವಾಪಸು ಬಂತು, ಲೀಲಾಮ್ಮನ ಮುಖದ ಮೇಲೆಯೇ ನಿಂತಿತು.

"ಶೀಟು ತೂಗುವಾಗ ಅವನು ತಕ್ಕಡಿಗೆ ಕಾಲಿಟ್ಟು ನಿಲ್ತಿದ್ದ ಲೀಲಾಮ್ಮ," ಎಂದ. "ಚಿಕ್ಕವನಿರುವಾಗ. 'ಹಕೀಮಿಕ್ಕಾ, ನನಗೆ ಎಷ್ಟು ರೇಟು?' ಅಂತ ಕೇಳುದು. ಅವನನ್ನು ನೆನೆಯದ ಶನಿವಾರ ಇಲ್ಲ ನನಗೆ. ನಿಮ್ಮ ಹತ್ರ ಹೇಳುದು ಹೇಗೆ ಅಂತ ಗೊತ್ತಾಗ್ಲಿಲ್ಲ."

ಆಗ ಲೀಲಾಮ್ಮ ಅತ್ತ ಅಳು ಸುಪ್ರಿತಾ ಆ ಕೋಣೆಯಲ್ಲಿ ಒಮ್ಮೆಯೂ ಕೇಳಿರದಂಥದ್ದು. ಆ ಹೆಸರನ್ನು ಬೇರೊಬ್ಬರು ನೆನಪಿಟ್ಟಿದ್ದಾರೆ ಎಂದು ಗೊತ್ತಾದ ತಾಯಿಯ ಅಳು ಅದು. ಕಟ್ಟೆಯ ಮೇಲಿದ್ದವರಲ್ಲಿ ಒಬ್ಬರು ಎದ್ದು ಬಂದು ನೀರು ಕೊಟ್ಟರು. ಇನ್ನೊಬ್ಬರು ಕುರ್ಚಿ ತಂದರು. ಊರು ಕೆಟ್ಟದ್ದಲ್ಲ ನೋಡಿ, ಯಾರಾದರೂ ಮೊದಲು ಮಾತಾಡಲಿ ಎಂದು ಕಾಯುತ್ತಾ ಕೂತಿತ್ತು, ಅಷ್ಟೆ.

ಉಲಹನ್ನಾನ್ ಶೀಟಿನ ಕಟ್ಟು ಹಿಡಿದೇ ನಿಂತಿದ್ದರು. ಲೀಲಾಮ್ಮನಿಗೆ ಗಂಡನ ನೆನಪಾದದ್ದೇ ಆಗ. ಬೆದರಿ ಅವರ ಕಡೆ ನೋಡಿದರು. "ನಿಮ್ಮ ಹತ್ರ ಸುಳ್ಳು ಹೇಳಿದೆ. ಹಲ್ಲು ಅಂತ."

"ನನಗೆ ಗೊತ್ತಿತ್ತು," ಎಂದರು ಉಲಹನ್ನಾನ್.

"ಹೇಗೆ ಗೊತ್ತಿತ್ತು? ಯಾರು ಹೇಳಿದ್ದು?"

"ಪುತ್ತೂರಿಗೆ ಹೋಗಿ ಬಂದ ದಿನ ನೀನು ಹೊಟ್ಟೆ ತುಂಬ ಉಣ್ತಿದ್ದಿ." ಕಟ್ಟನ್ನು ನೆಲಕ್ಕಿಟ್ಟು, ಕೈಯನ್ನು ಲುಂಗಿಗೆ ಒರೆಸಿಕೊಂಡರು. "ಹಲ್ಲು ಕೀಳಿಸಿದವರು ಹಾಗೆ ಉಣ್ಣುದುಂಟಾ? ಅಲ್ಲಿ ನಿನಗೆ ಒಳ್ಳೆದಾಗ್ತದೆ ಅಂತ ಗೊತ್ತಾಯ್ತು. ಕೇಳಿದ್ರೆ ನೀನು ಹೋಗುದು ನಿಲ್ಲಿಸ್ತೀಯೋ ಅಂತ ಹೆದರಿ ಕೇಳ್ಲಿಲ್ಲ."

ಅವರು ಇನ್ನೇನೋ ಹೇಳಲು ಹೊರಟರು. ತುಟಿ ಅಲುಗಿತು, ಆ ಹೆಸರಿನ ಮೊದಲ ಅಕ್ಷರದವರೆಗೆ ಬಂತು, ಅಲ್ಲಿಗೇ ನಿಂತಿತು. ಸುಪ್ರಿತಾ ಅದನ್ನು ನೋಡಿದಳು.

ಹೊಸ ಮಳೆಗಾಲ ಶುರುವಾಯಿತು, ಬೋರ್ಡು ಹಾಕಿ ವರ್ಷವೂ ತುಂಬಿತು. ಸರ್ವೋತ್ತಮ ರೈಗಳು ಬೀಗ ತರಲಿಲ್ಲ, ಮರೆತವರಂತೆ ಇದ್ದರು. ಸುಪ್ರಿತಾ ಈಗ ಹೊಸದಾಗಿ ಬಂದವರ ಹತ್ತಿರ, ಅವರು ಅಳು ನಿಲ್ಲಿಸಿದ ಮೇಲೆ, ಒಂದು ಪ್ರಶ್ನೆ ಕೇಳುತ್ತಾಳೆ: "ಹೊರಗೆ ಎಲ್ಲಾದ್ರೂ ಕಂಡ್ರೆ ನಾನು ನಿಮ್ಮನ್ನು ಮಾತಾಡ್ಸಬೇಕಾ, ಬೇಡವಾ? ನೀವೇ ಹೇಳಿ." ಕೆಲವರು ಬೇಡ ಎನ್ನುತ್ತಾರೆ. ಹೆಚ್ಚಿನವರು, "ಅಯ್ಯೋ, ಮಾತಾಡ್ಸದಿದ್ರೆ ಹೇಗೆ! ಅಡಿಕೆ ವಿಷಯ ಮಾತಾಡಿ," ಎನ್ನುತ್ತಾರೆ.

ಜೋರು ಮಳೆಯ ಒಂದು ಬುಧವಾರ ಲೀಲಾಮ್ಮ ಎಂದಿನಂತೆ ಬಂದರು, ಮೇಲೆ ಹತ್ತಿದರು, ಕೊಡೆಯನ್ನು ಬಾಗಿಲ ಮೂಲೆಗಿಟ್ಟರು, ಆದರೆ ಕೂರಲಿಲ್ಲ. "ಇವತ್ತು ನನಗಲ್ಲ ಮೋಳೇ," ಎಂದು ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದರು. ಸುಪ್ರಿತಾಳೂ ಹೋಗಿ ಪಕ್ಕದಲ್ಲಿ ನಿಂತಳು.

ಕೆಳಗೆ ಅಂಗಡಿಯ ಎದುರು ಉಲಹನ್ನಾನ್ ನಿಂತಿದ್ದರು. ಮೆಟ್ಟಿಲನ್ನು ನೋಡುವುದು, ಬಸ್ಸಿಗೆ ಕಾಯುವ ಜನರನ್ನು ನೋಡುವುದು, ಮತ್ತೆ ಮೆಟ್ಟಿಲನ್ನು ನೋಡುವುದು. ಮೂಸಕುಂಞಿಯವರಿಗೆ ಈ ಲಕ್ಷಣವೆಲ್ಲ ಬಾಯಿಪಾಠ. ಸ್ಟೂಲನ್ನು ಮುಂದೆ ಎಳೆದು ಕರೆದರು.

"ಬನ್ನಿ ಬನ್ನಿ, ಒಳಗೆ ಬನ್ನಿ. ಚಪ್ಪಲಿ ತೋರಿಸ್ಲಾ?"

ಉಲಹನ್ನಾನ್ ಮಳೆಯ ಸದ್ದನ್ನು ಮೀರುವಂತೆ, ಬಸ್‌ಸ್ಟಾಂಡಿನ ಆ ತುದಿಗೂ ಕೇಳುವಂತೆ ಹೇಳಿದರು.

"ಚಪ್ಪಲಿ ಬೇಡ. ನಾನು ಜೆಫಿನ್‌ನ ಅಪ್ಪ. ಮೇಲೆ ಹೋಗ್ಲಿಕ್ಕೆ ಬಂದದ್ದು."

ಕಿಟಕಿಯಲ್ಲಿ ಲೀಲಾಮ್ಮ ಸುಪ್ರಿತಾಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳತೊಡಗಿತು. ಸುಪ್ರಿತಾ ಹೋಗಿ ಬಾಗಿಲು ತೆರೆದಳು.